ಎಡಗಾಲು ಬೇಡದ ಕಾರು

ಸಭೆಯಲ್ಲಿ ನೆರೆದಿರುವ ಮಹಾಜನರೇ, ಮುಂದಿನ ಚಾಪೆಯ ಮೇಲೆ ಕೂತ ಹಿರಿಯರೇ, ಕಂಬಕ್ಕೆ ಒರಗಿದ ತಾಯಂದಿರೇ, ಹಿಂದೆ ಬೈಕಿನ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗರೇ, ಸ್ವಲ್ಪ ಸದ್ದು ಕಡಿಮೆ ಮಾಡಿ. ಗೌರಿಬಿದನೂರು ತಾಲ್ಲೂಕು ತೊಂಡೇಬಾವಿಯ ಬಯ್ಯಪ್ಪನ ಮಗ ಗಂಗರಾಜು, ಮೂವತ್ತೈದು ವರ್ಷ ಭೀಮನ ಪಾತ್ರ ಕಟ್ಟಿದವನು, ಇವತ್ತು ಗದೆ ಕೆಳಗಿಟ್ಟು ಪೆನ್ನು ಹಿಡಿದಿದ್ದೇನೆ. ಕಾಗದ ಬರೆಯುತ್ತಿರುವುದು ಒಬ್ಬನಿಗೆ. ಆದರೆ ಇದರಲ್ಲಿ ಬರುವ ಒಂದು ಸುಳ್ಳನ್ನು ನಾನು ಹತ್ತಾರು ಊರುಗಳಲ್ಲಿ, ನೂರಾರು ಜನರೆದುರು ಹೇಳಿದ್ದೇನೆ. ಹಾಗಾಗಿ ನಿಜವನ್ನೂ ನೀವೆಲ್ಲ ಕೇಳಿಸಿಕೊಳ್ಳಬೇಕು.

ಪ್ರೀತಿಯ ಹರಿಕೃಷ್ಣ,

ಕಳೆದ ಭಾನುವಾರ ಕೆಂಚಾರ್ಲಹಳ್ಳಿಯ ನಿನ್ನ ಮನೆ ಮುಂದಿನಿಂದ ಒಂದು ಮಾತೂ ಆಡದೆ ಹೊರಟುಬಂದೆ. ನನ್ನಂಥವನು ಮಾತಿಲ್ಲದೆ ಹೊರಟದ್ದು ನೋಡಿ ನಿನ್ನ ಹೆಂಡತಿ ಅಶ್ವತ್ಥಮ್ಮ ಗಾಬರಿಯಾಗಿ ಫೋನು ಮಾಡಿದ್ದಳು. "ಅಣ್ಣಾ, ಹುಷಾರಾಗಿದ್ದೀರಾ? ಎದೆ ಗಿದೆ ಏನಾದ್ರೂ ನೋವಾ?" ಅಂದಳು. ನೋವು ಎದೆಯದೇ, ಆದರೆ ಡಾಕ್ಟರಿಗೆ ತೋರಿಸುವಂಥದ್ದಲ್ಲ. ಅದಕ್ಕೇ ಈ ಕಾಗದ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ. ಸ್ಪೋರ್ಟ್ಸ್ ಕಾರು ಅಂದರೆ ಹೇಗಿರಬೇಕು ಅಂತ ನಾವಿಬ್ಬರೂ ತೀರ್ಪು ಕೊಟ್ಟು ಎಷ್ಟೋ ಕಾಲವಾಯಿತು. ಚಿಕ್ಕಬಳ್ಳಾಪುರದ ಹೈವೇ ಪಕ್ಕ ನಲ್ಲಪ್ಪನ ಹೋಟೆಲಿನ ಬೆಂಚಿನ ಮೇಲೆ ಕೂತು, ಭಾನುವಾರ ಬೆಳಿಗ್ಗೆ ಬೆಂಗಳೂರಿಂದ ಸಾಲಾಗಿ ಬರುವ ಆ ಕೆಂಪು, ಹಳದಿ ಕಾರುಗಳನ್ನು ನೋಡುತ್ತಾ ಎಷ್ಟು ಇಡ್ಲಿ ಮುಗಿಸಿದ್ದೇವೋ. "ಸೀಟು ಬೆನ್ನು ಒತ್ತುತ್ತಂತೆ ಕಣೋ" ಅಂತ ನಾನು. "ಬೆನ್ನು ಒತ್ತಿಸ್ಕೊಳೋರು ಮನೇಲಿ ಮಲಗ್ಬೇಕು, ರಸ್ತೆಗ್ಯಾಕೆ ಬರ್ಬೇಕು" ಅಂತ ನೀನು. ನಲ್ಲಪ್ಪ ಚಟ್ನಿ ಬಡಿಸುತ್ತಾ, "ಕಾರಿಲ್ಲದೋರಿಬ್ಬರು ಕಾರಿನೋರಿಗೆ ಪಾಠ ಹೇಳ್ತಾವ್ರೆ" ಅಂತ ನಗುತ್ತಿದ್ದ.

ನಮಗೆ ಆ ಹಕ್ಕಿತ್ತು ಅಂತಲೇ ಈಗಲೂ ಅಂದುಕೊಂಡಿದ್ದೇನೆ. ಮೇಲೂರಿನ ರೇಷ್ಮೆ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಹಳೇ ಹೆರಾಲ್ಡ್ ಕಾರನ್ನು ಎಳೆದುತಂದು ಓಡುವಂತೆ ಮಾಡಿದವನು ನೀನು. ಟಾಪು ಕಿತ್ತೆವು, ಹಿಂದಿನ ಸೀಟು ಕಿತ್ತೆವು, ಬಾಗಿಲಿನ ಒಳಗಿನ ರೆಕ್ಸಿನ್ನನ್ನೂ ಬಿಡಲಿಲ್ಲ. ತೂಕ ಇಳಿಸಬೇಕು ಅಂತ ಒಂದು ದಿನ ನೀನು ನನ್ನ ಮೀಸೆಯನ್ನೇ ದುರುಗುಟ್ಟಿ ನೋಡಿದೆ. ಆ ಕಾರಿನಲ್ಲಿ ಇದ್ದದ್ದು ಎಂಜಿನ್, ನೀನು, ಮತ್ತು ಎಡಗಡೆ ಸೀಟಿನಲ್ಲಿ ನನ್ನ ಗಂಟಲು. ತಾಲ್ಲೂಕಿನ ಹುಡುಗರು ಸೇರಿ ನಡೆಸುತ್ತಿದ್ದ ಮಣ್ಣು ರಸ್ತೆಯ ಪಂದ್ಯಗಳಿಗೆ ನಾಲ್ಕು ದಿನ ಮುಂಚೆಯೇ ಹೋಗಿ, ದಾರಿಯಿಡೀ ನಡೆದು, ಪ್ರತಿ ತಿರುವನ್ನೂ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ. ಓಡುವಾಗ ಅದನ್ನು ಕೂಗಿ ಹೇಳುವುದು ನನ್ನ ಕೆಲಸ. ಧೂಳಿನಲ್ಲಿ ನಿನಗೆ ಕಣ್ಣು ಕಾಣುತ್ತಿರಲಿಲ್ಲ. ನೀನು ರಸ್ತೆ ನೋಡಿ ಓಡಿಸಿದವನಲ್ಲ, ನನ್ನ ದನಿ ಕೇಳಿ ಓಡಿಸಿದವನು. ನೀನು ಹಾಕಿದ ಕಟ್ಟಳೆ ಒಂದೇ: "ಒಂದು ತಿರುವಿಗೆ ಒಂದೇ ಕೂಗು ಕಣೋ. ಎರಡು ಸಲ ಕೂಗಿದ್ರೆ ಎರಡು ತಿರುವು ಅಂತ ತಿರುಗಿಸಿಬಿಡ್ತೀನಿ."

ಇಷ್ಟನ್ನು ನೆನಪಿನಲ್ಲಿಟ್ಟುಕೋ, ಹರಿ. ಸಭಿಕರೂ ಇಟ್ಟುಕೊಳ್ಳಲಿ.

ಈಗ ನನ್ನ ಮಗಳು ತನುಜ. ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರು, ಅಳತೆಗೆ ಮೀರಿ ಒಂದು ರೂಪಾಯಿ ಖರ್ಚು ಮಾಡದವಳು, ಹೋದ ತಿಂಗಳು ಇದ್ದಕ್ಕಿದ್ದಂತೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದಳು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ. "ನಿಮ್ಮ ಹೆರಾಲ್ಡ್ ಕತೆ ಕೇಳಿ ಕೇಳಿ ಬೆಳೆದಿದ್ದೀನಿ. ಬೇರೆ ಇನ್ನೇನು ತಗೊಳ್ಳಲಿ?" ಅಂದಳು. ಭಾನುವಾರ ನಿನ್ನ ಊರಿಗೆ ಹೊರಟದ್ದು ಅದರಲ್ಲೇ. ಶಿಡ್ಲಘಟ್ಟ ದಾಟುವ ತನಕ ನಾನು ಬೈಯುತ್ತಲೇ ಇದ್ದೆ. ಹಂಪ್ ಬಂದರೆ ಒಂದು ಬಟನ್ ಒತ್ತುತ್ತಾಳೆ, ಕಾರು ಮೂಗು ಮೇಲೆತ್ತಿಕೊಂಡು, ಬೀಗರ ಮನೆಗೆ ಬಂದ ದೊಡ್ಡತ್ತೆಯ ಹಾಗೆ ಮೆಲ್ಲಗೆ ದಾಟುತ್ತದೆ. ಕೂತ ಜಾಗ ತಣ್ಣಗಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೀಲಿ ಬೆಳಕು. ಎಲ್ಲಕ್ಕಿಂತ ಕೆಟ್ಟದ್ದು ಕೇಳು: ಎಂಜಿನ್ನಿನ ಗರ್ಜನೆಯ ಅರ್ಧ ಸ್ಪೀಕರಿನಿಂದ ಬರುತ್ತದಂತೆ. "ಥೂ, ಒಳಗೆ ಯಾರೋ ಹಾಡ್ತಾವ್ನೆ, ಇದು ಬರೀ ಬಾಯಿ ಅಲ್ಲಾಡಿಸುತ್ತೆ" ಅಂದೆ. ತನುಜ ರಸ್ತೆ ಮೇಲಿನ ಕಣ್ಣು ತೆಗೆಯದೆ, "ಅಪ್ಪಾಜಿ, ಬೇಡ ಅಂದ್ರೆ ಅದನ್ನ ಆಫ್ ಮಾಡಬಹುದು. ನಿಮ್ಮನ್ನ ಆಫ್ ಮಾಡೋಕೆ ಬಟನ್ ಕೊಟ್ಟಿಲ್ಲ" ಅಂದಳು.

ಚಿಂತಾಮಣಿ ಹತ್ತಿರ ಬರುವಾಗ ನನ್ನ ಬಾಯಿ ಕಟ್ಟಿತು. ಕಟ್ಟಿದ್ದು ಆ ಕಾರಿನೊಳಗಿನ ಹೆಣ್ಣುದನಿ. ದಾರಿ ಹೇಳುವ ದನಿ. "ಮುನ್ನೂರು ಮೀಟರಿನಲ್ಲಿ ಎಡಕ್ಕೆ ತಿರುಗಿ" ಅಂದಿತು. ಗಂಟೆಗೆ ಎಷ್ಟು ವೇಗದಲ್ಲಿದ್ದೇವೆ ಅಂತ ಲೆಕ್ಕ ಹಾಕಿಯೇ ಹೇಳಿತೋ ಏನೋ, ತಿರುವಿಗೆ ಸರಿಯಾಗಿ ಸಮಯವಿತ್ತು. ಹೇಳಿ ಸುಮ್ಮನಾಯಿತು. ಚಪ್ಪಾಳೆಗೆ ಕಾಯಲಿಲ್ಲ. ರಾಗ ಎಳೆಯಲಿಲ್ಲ. ತಾನು ಎಷ್ಟು ಚೆನ್ನಾಗಿ ಹೇಳಿದೆ ಅಂತ ಯಾರ ಮುಖವನ್ನೂ ನೋಡಲಿಲ್ಲ. ನಾನು ಏಸಿ ಗಾಳಿಯಲ್ಲಿ ಕೂತು ಬೆವೆತುಹೋದೆ. ತನುಜ ಕೇಳಿದಳು, "ಯಾಕೆ, ಸೀಟು ಬಿಸಿಗೆ ಹಾಕ್ಬಿಟ್ಟೆನಾ?"

ನಿನ್ನ ಮನೆ ಮುಂದೆ ನಡೆದದ್ದು ನಿನಗೆ ಗೊತ್ತು, ಆದರೂ ಸಭೆಗಾಗಿ ಹೇಳುತ್ತೇನೆ. ನೀನು ಕೋಲೂರಿಕೊಂಡು ಕಾರಿನ ಸುತ್ತ ಬಂದೆ. ಕೋಲಿನಲ್ಲಿ ಟೈರು ತಟ್ಟಿದೆ. ನಿಮ್ಮ ಕಡೆಯ ತೆಲುಗು ಬೆರೆಸಿ, "ಏಮ್ರಾ ಭೀಮಾ, ಮಗಳ ಗೊಂಬೆ ಹೊತ್ಕೊಂಡು ಬಂದ್ಯಾ?" ಅಂತ ಛೇಡಿಸಿದೆ. ತನುಜ ಬಾಗಿಲು ತೆಗೆದು ನಿನ್ನನ್ನು ಬಲಗಡೆ ಸೀಟಿನಲ್ಲಿ ಕೂರಿಸಿದಳು. "ಹರಿ ಮಾಮ, ಇದ್ರಲ್ಲಿ ಕ್ಲಚ್ ಇಲ್ಲ. ಗೇರು ಸ್ಟೇರಿಂಗ್ ಹಿಂದೆ ಇದೆ, ಬೆರಳಲ್ಲಿ ಎಳೆದ್ರೆ ಬದಲಾಗುತ್ತೆ. ಎಡಗಾಲು ಬೇಡವೇ ಬೇಡ." ಕಣಕಾಲು ಮಡಚಲಾರದ ನಿನ್ನ ಎಡಗಾಲನ್ನು ನೀನೇ ಕೈಯಿಂದ ಎತ್ತಿ ಒಳಗಿಟ್ಟುಕೊಂಡೆ. ಸೀಟು ತಾನಾಗಿ ಮುಂದೆ ಸರಿದು ನಿನ್ನ ಸೊಂಟ ಹಿಡಿದುಕೊಂಡಿತು. ನಿನ್ನ ಬೆರಳು ಆ ಗೇರಿನ ಪಟ್ಟಿಯನ್ನು ಮುಟ್ಟಿತು. ಹರಿ, ಆಗ ನಿನ್ನ ಮುಖ ನೋಡಿದವನು ನಾನು. ಹೆರಾಲ್ಡ್ ಮೊದಲ ಸಲ ಸ್ಟಾರ್ಟ್ ಆದ ದಿನದ ಮುಖ ಅದು.

ಆಮೇಲೆ ನೀನು ಕೈ ಕೆಳಗೆ ಬಿಟ್ಟೆ. "ಕಾಲಿನ ಮಾತಲ್ಲಮ್ಮ ಇದು" ಅಂದೆ. "ಕಾಲು ಹೋದೋರು ಎಷ್ಟೋ ಜನ ಗಾಡಿ ಓಡಿಸ್ತಾರೆ. ಇಲ್ಲದ ತಿರುವಿಗೆ ತಿರುಗಿಸಿದ ಕೈ ಇದು. ಗಾಡಿ ಎಷ್ಟು ಜಾಣ ಆದ್ರೂ ಈ ಕೈನ ನಾನು ನಂಬಲ್ಲ" ಅನ್ನುತ್ತಾ ನೀನು ಇಳಿದುಬಿಟ್ಟೆ.

ತನುಜ ನನ್ನ ಮುಖ ನೋಡಿದಳು. ಅಶ್ವತ್ಥಮ್ಮ ಕಾಫಿ ಲೋಟ ಹಿಡಿದುಕೊಂಡು, "ಮೂವತ್ತು ವರ್ಷದಿಂದ ಇದೇ ಮಾತು ಕಣಮ್ಮ. ಹೆತ್ತ ಮಗನ ಮಗೂನ ಎತ್ಕೊಳಕ್ಕೂ ಹೆದರ್ತಾರೆ, ಕೈ ತಪ್ಪುತ್ತೆ ಅಂತ" ಅಂದಳು. ನೀನು "ಚಾಲ್ಲೇ, ಸಾಕು" ಅಂದು ಅವಳನ್ನು ಸುಮ್ಮನಿರಿಸಿದೆ. ನಾನು ಆಗಲೇ ಕಾರು ಹತ್ತಿ ಕೂತಿದ್ದೆ.

ಕಾಲು ಹೋದದ್ದಕ್ಕೆ ನೀನು ಓಡಿಸುವುದು ಬಿಟ್ಟೆ ಅಂತ ಇಷ್ಟು ವರ್ಷ ನಂಬಿದ್ದೆ. ನಂಬಿದ್ದೆ ಅನ್ನುವುದಕ್ಕಿಂತ, ಹಾಗೆ ನಂಬುವುದು ನನಗೆ ಸುಲಭವಾಗಿತ್ತು.

ಈಗ ಕೇಳು. ಮೂವತ್ತು ವರ್ಷದ ಹಿಂದಿನ ಆ ಪಂದ್ಯ, ನಿಮ್ಮೂರಿನ ಕೆರೆ ಕಟ್ಟೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ತೂಬಿನ ಹತ್ತಿರ ಒಂದು ಎಡ ತಿರುವು, ಅದಾದ ಮೇಲೆ ಕಟ್ಟೆಯ ಮೇಲೆ ನೇರ ದಾರಿ. ತೂಬಿನ ಆಚೆ ಈಚೆ ಜನವೋ ಜನ. ಹಿಂದಿನ ವಾರವಷ್ಟೇ ಅದೇ ಊರಿನಲ್ಲಿ ನಾನು ಭೀಮನಾಗಿ ಮೆರೆದಿದ್ದೆ. ನಾನು ಕಾರಿನಲ್ಲಿ ಅರ್ಧ ಎದ್ದು ನಿಂತು, "ಎಡಕ್ಕೆ" ಅಂತ ಕೂಗಿದೆ. ಕೂಗಲಿಲ್ಲ, ಹಾಡಿದೆ. ನೀನು ನೂಲು ಎಳೆದ ಹಾಗೆ ತಿರುಗಿಸಿದೆ. ಜನ ಶಿಳ್ಳೆ ಹೊಡೆದರು. ಗುಂಪಿನಲ್ಲಿ ಯಾರೋ ಗುರುತು ಹಿಡಿದು, "ಭೀಮಣ್ಣಾ, ಒನ್ಸ್ ಮೋರ್" ಅಂದರು.

ನಿನಗೆ ಗೊತ್ತಲ್ಲ, ನಮ್ಮ ಕಡೆ ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ಸಾಯುತ್ತಿರುವ ದುರ್ಯೋಧನನೂ ಎದ್ದು ಪದ ಮತ್ತೆ ಹಾಡಿ ಮಲಗಬೇಕು. ಬಿದ್ದ ಒನ್ಸ್ ಮೋರನ್ನು ಬಿಟ್ಟು ಮುಂದೆ ಹೋದವನು ನಟನೇ ಅಲ್ಲ ಅಂತ ನಮ್ಮಪ್ಪ ಕಲಿಸಿದ್ದರು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಎಡಕ್ಕೆ" ಅಂತ ಎರಡನೇ ಸಲ ಹಾಡಿಬಿಟ್ಟಿತು. ಧೂಳಿನೊಳಗೆ ನೀನು ನಿನ್ನ ಕಟ್ಟಳೆಯಂತೆ ನಡೆದುಕೊಂಡೆ. ಎರಡು ಕೂಗಿಗೆ ಎರಡು ತಿರುವು. ಕಟ್ಟೆಯಿಂದ ಗದ್ದೆಗೆ ಉರುಳಿದ ಕಾರಿನಲ್ಲಿ ನನಗೆ ಹುಬ್ಬಿನ ಮೇಲೆ ಒಂದು ಗಾಯ. ನಿನ್ನ ಎಡಗಾಲು ಕ್ಲಚ್ಚಿನ ಕೆಳಗೆ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ನೀನು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು: "ಗಂಗಾ, ಎಷ್ಟು ಸಲ ಕೂಗಿದೆ?"

ನಾನು, "ಒಂದೇ ಸಲ" ಅಂದೆ.

ನೀನು ತಲೆಯಾಡಿಸಿದೆ. ಮತ್ತೆಂದೂ ಕೇಳಲಿಲ್ಲ. ಆ ಒಂದು ಸುಳ್ಳಿನಲ್ಲಿ ನಿನ್ನ ಎರಡು ಕೈಗಳನ್ನೂ ನಿನ್ನಿಂದ ಕಿತ್ತುಕೊಂಡೆ ಅಂತ ನನಗೆ ಆಗ ತಿಳಿಯಲಿಲ್ಲ. ಊರಿನವರು ಹರಿಗೆ ತಲೆ ಸುತ್ತಿತ್ತಂತೆ, ಹರಿಗೆ ಗರ್ವ ಹತ್ತಿತ್ತಂತೆ ಅಂದಾಗಲೆಲ್ಲ ನಾನು ನಿನ್ನ ಪರ ವಾದ ಮಾಡಿದೆ. ಅದೂ ಎಂಥ ದನಿಯಲ್ಲಿ. "ಎಂಥ ಗಂಡಿಗೂ ಒಂದು ಗಳಿಗೆ ಕೈ ತಪ್ಪುತ್ತೆ, ಸ್ವಾಮಿ" ಅಂತ ಹೇಳಿ ಜನರ ಕಣ್ಣಲ್ಲಿ ನೀರು ತರಿಸಿದ್ದೇನೆ. ಆ ಮಾತಿಗೂ ಚಪ್ಪಾಳೆ ಬಿದ್ದಿದೆ, ಹರಿ. ಅದನ್ನೂ ಇಟ್ಟುಕೊಂಡಿದ್ದೇನೆ. ನಿನ್ನ ಕೈ ತಪ್ಪಿರಲಿಲ್ಲ. ಕೊಟ್ಟ ಮಾತನ್ನು ಆ ಕಾರಿನಲ್ಲಿ ಉಳಿಸಿಕೊಂಡದ್ದು ನಿನ್ನ ಕೈ ಒಂದೇ.

ಹಾಗಾದರೆ ಬೆಂಚಿನ ಮೇಲೆ ನಾವು ಕೊಟ್ಟ ತೀರ್ಪು ಏನಾಯಿತು? ಈ ನಾಲ್ಕು ದಿನ ಅದನ್ನೇ ಯೋಚಿಸಿದ್ದೇನೆ. ಬೆನ್ನು ಒತ್ತುವ ಸೀಟು, ನೀಲಿ ಬೆಳಕು, ಕಳ್ಳ ಗರ್ಜನೆ, ಇವುಗಳಿಂದ ಕಾರು ಒಂದಿಂಚೂ ಮೇಲಾಗಿಲ್ಲ ಅಂತ ಈಗಲೂ ಹೇಳುತ್ತೇನೆ. ತೂಕ ಏರಿದೆ, ಅಷ್ಟೇ. ರಸ್ತೆಯ ಕಲ್ಲು ಕೈಗೆ ತಿಳಿಯುತ್ತಿದ್ದದ್ದು ಈಗ ತಿಳಿಯುವುದಿಲ್ಲ. ಆದರೆ ಮೈಕು ಬಂದಾಗ ನಮ್ಮಪ್ಪನೂ ಹೀಗೇ ಕೂಗಾಡಿದ್ದರು. ಗಂಟಲಿಲ್ಲದವರೆಲ್ಲ ಇನ್ನು ಬಣ್ಣ ಹಚ್ಚುತ್ತಾರೆ, ನಾಟಕ ಮುಗಿಯಿತು ಅಂದಿದ್ದರು. ನಮ್ಮಜ್ಜಿ ಓಬಳಮ್ಮ ಮಾತ್ರ, "ಇವತ್ತು ದ್ರೌಪದಿ ಅಳೋದು ನಂಗೂ ಕೇಳಿಸ್ತಪ್ಪ" ಅಂದಳು. ಆಗೆಲ್ಲ ನಮ್ಮ ಕೇರಿಯವರನ್ನು ಕೂರಿಸುತ್ತಿದ್ದದ್ದು ಕೊನೆಯ ಸಾಲಿಗೂ ಆಚೆ, ಬೇವಿನ ಮರದ ಕೆಳಗೆ. ಅಲ್ಲಿಯ ತನಕ ಅವಳು ಬರೀ ಗೊಂಬೆಗಳ ಹಾಗೆ ಕೈ ಬೀಸುವವರನ್ನು ನೋಡಿದ್ದಳು.

ಕ್ಲಚ್ಚಿಲ್ಲದ ಆ ಕಾರಿನಲ್ಲಿ ನೀನು ಕೂತದ್ದು ನೋಡಿ ನನಗೆ ಅಜ್ಜಿಯ ಮಾತು ಅರ್ಥವಾಯಿತು. ಗಟ್ಟಿಮುಟ್ಟಾದ ಎರಡು ಕಾಲಿರುವ ಹುಡುಗರಿಗೆ ಆ ಬೆರಳಿನ ಗೇರು ಒಂದು ಆಟದ ಸಾಮಾನು. ನಿನಗೆ ಮುಚ್ಚಿದ್ದ ಬಾಗಿಲನ್ನು ಅದು ತೆಗೆಯಿತು. ಒಂದೇ ಕಾರು, ಕೂತವನು ಯಾರು ಅನ್ನುವುದರ ಮೇಲೆ ಅದರ ಬೆಲೆ ಬದಲಾಗುತ್ತದೆ. ನಾವು ಬೆಂಚಿನ ಮೇಲೆ ಕೂತು ಕಾರನ್ನಷ್ಟೇ ನೋಡಿದೆವು. ಇಷ್ಟು ಹೇಳಿದರೂ ಒಂದು ಕೆಲಸ ಉಳಿಯುತ್ತದೆ. ಕಾಲಿನ ಕೆಲಸವನ್ನು ಆ ಯಂತ್ರ ಮಾಡಿಕೊಡುತ್ತದೆ, ದಾರಿ ಹೇಳುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತದೆ. ಎರಡು ಸಲ ಕೂಗಿದ್ದೆ ಅಂತ ನಿನಗೆ ಹೇಳುವ ಕೆಲಸ ಮಾತ್ರ ನನ್ನದೇ. ಅದನ್ನು ಮೂವತ್ತು ವರ್ಷ ತಡವಾಗಿ ಮಾಡುತ್ತಿದ್ದೇನೆ.

ಕ್ಷಮಿಸು ಅಂತ ಬರೆದು ನಿನ್ನ ಮೇಲೆ ಇನ್ನೊಂದು ಭಾರ ಹಾಕುವುದಿಲ್ಲ. ಬೈಯಬೇಕು ಅನ್ನಿಸಿದರೆ ತೆಲುಗಿನಲ್ಲೇ ಬೈ, ಅದರಲ್ಲಿ ನಿನಗೆ ಬಾಯಿ ಜೋರು. ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ. ಆ ಕೈ ಮೊದಲು ಮೊಮ್ಮಗುವನ್ನು ಎತ್ತಲಿ, ಸ್ಟೇರಿಂಗ್ ಆಮೇಲೆ ಹಿಡಿಯಲಿ. ಅಶ್ವತ್ಥಮ್ಮನಿಗೂ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ.

ತನುಜ ಕಾರನ್ನು ಒಂದು ವಾರದ ಮಟ್ಟಿಗೆ ಕೊಟ್ಟಿದ್ದಾಳೆ. ನಾಳೆ ಬೆಳಿಗ್ಗೆ ಏಳಕ್ಕೆ ಅದನ್ನು ನಿನ್ನ ಅಂಗಳದಲ್ಲಿ ನಿಲ್ಲಿಸಿ, ಈ ಕಾಗದವನ್ನು ನಿನ್ನ ಕೈಗೆ, ಬೀಗದ ಕೈಯನ್ನು ಅಶ್ವತ್ಥಮ್ಮನ ಕೈಗೆ ಕೊಡುತ್ತೇನೆ. ಕಾಫಿಗೆ ಕೂರುವುದಿಲ್ಲ. ನೀನು ಓದಿ ಮುಗಿಸುವ ತನಕ ಗೇಟಿನ ಹೊರಗೆ ನಿಂತಿರುತ್ತೇನೆ. ಕರೆದರೆ ಒಳಗೆ ಬರುತ್ತೇನೆ. ಕರೆಯದಿದ್ದರೆ ಚಿಂತಾಮಣಿಯ ಬಸ್ಸು ಹತ್ತುತ್ತೇನೆ. ನೀನು ಓಡಿಸುವ ದಿನ ಆ ಎಡಗಡೆ ಸೀಟಿನಲ್ಲಿ ಯಾರನ್ನು ಕೂರಿಸಿಕೊಳ್ಳಬೇಕು ಅನ್ನುವುದು ನಿನಗೆ ಬಿಟ್ಟದ್ದು.

ಎರಡು ಸಲ ಕೂಗಿದವನು,
ತೊಂಡೇಬಾವಿ ಗಂಗರಾಜು