ಉಲ್ಟಾ ಹಲಗೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲರೂ ಸೌಖ್ಯ, ಸದ್ಯಕ್ಕೆ ಹೊಗೆಯೊಂದೇ ಮುಖ್ಯ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಪ್ರಾಸ ಸಿಕ್ಕಷ್ಟು ಸುಲಭವಾಗಿ ನನಗೆ ನೆಪ ಸಿಗುವುದಿಲ್ಲ, ಅದಕ್ಕೇ ತಡ. ಕ್ಷಮಿಸು.

‘ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಮರ ಸುಡೋ ಮಿಷನ್ ಇಟ್ಟಿದ್ದೀಯಂತೆ’ ಎಂದು ಬರೆದಿದ್ದೆ. ಇಟ್ಟಿದ್ದೇನೆ, ಮಂಚವಿದ್ದ ಜಾಗದಲ್ಲೇ. ಅಮ್ಮ ಹೋಗಿ ಮೂರು ವರ್ಷ, ನೀನು ಈ ಮನೆಯ ಹೊಸ್ತಿಲು ತುಳಿದೂ ಮೂರು ವರ್ಷ. ಕೋಣೆಗಾದರೂ ಒಂದು ಕೆಲಸ ಬೇಡವೇ? ಟ್ರಂಕಿನಷ್ಟಗಲದ ಪೆಟ್ಟಿಗೆ, ಒಳಗೆ ಹಳಿಯ ಮೇಲೆ ಓಡಾಡುವ ಪುಟ್ಟ ತಲೆ, ಅದರ ತುದಿಯಲ್ಲಿ ಸೂಜಿಮೊನೆಯಂಥ ಲೇಸರ್ ಬೆಳಕು. ನಾನು ಕಂಪ್ಯೂಟರಿನಲ್ಲಿ ಬಳ್ಳಿ ಬರೆದರೆ ಅದು ಸಾಲುಸಾಲಾಗಿ ಮರ ಸುಡುತ್ತ ಬಳ್ಳಿ ಮೂಡಿಸುತ್ತದೆ. ವೇಗ ತಗ್ಗಿದರೆ ಎಲೆ ಇದ್ದಿಲು, ಹೆಚ್ಚಿದರೆ ಇದ್ದೂ ಇಲ್ಲ. ಹೊಗೆಯ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟಿದ್ದೇನೆ. ಪಕ್ಕದ ಮನೆಯ ಟೈಲರ್ ಅಜ್ಜಿಗೆ ಅದೇ ದೂರು: “ಒಗೆದು ಹಾಕಿದ ಬಟ್ಟೆಯೆಲ್ಲ ಮರದ ವಾಸನೆ ಕಣೇ. ನಿನ್ನೆ ಗೆದ್ದಲು ಬಂದು ವಿಚಾರಿಸ್ಕೊಂಡು ಹೋಯ್ತು.” ಕಣ್ಣಿನ ರಕ್ಷಣೆಗೆ ಹಸಿರು ಕನ್ನಡಕ ಹಾಕುತ್ತೇನೆ. ನಮ್ಮವರು ಅದನ್ನು ನೋಡಿ, “ಹೀಗೇ ಅಡುಗೆಮನೆಗೆ ಬರಬೇಡ ಮಾರಾಯ್ತಿ, ಹಾಲು ಹೆದರಿ ಉಕ್ಕುತ್ತೆ” ಅನ್ನುತ್ತಾರೆ.

ಈಗ ಮುಖ್ಯ ಸುದ್ದಿ. ಇಷ್ಟು ದಿನ ಕೀಚೈನು, ಲೋಟದಡಿಯ ಬಿಲ್ಲೆ ಅಂತ ಚಿಲ್ಲರೆ ಕೆಲಸ ಮಾಡುತ್ತಿದ್ದವಳಿಗೆ ಮೊದಲ ದೊಡ್ಡ ಕೆಲಸ ಬಂತು. ತಿರುವಿನಲ್ಲಿ ಕ್ಷೌರದಂಗಡಿ ಇದೆಯಲ್ಲ, ಅದರ ಯಜಮಾನ ಕುರ್ಚಿಗಳ ಹಿಂದಿನ ಗೋಡೆಗೆ ಎರಡಡಿಯ ತೇಗದ ಹಲಗೆ ಕೇಳಿದ. ಸುತ್ತ ಎಲೆಬಳ್ಳಿ, ನಡುವೆ ಎರಡು ಸಾಲು. “ಹೀರೋಗಳ ಫೋಟೊ ಬೇಡ ಅಕ್ಕಾವ್ರೇ. ನನ್ನ ತಲೆ ನೋಡಿದ ಮೇಲೆ ಅದನ್ನ ಯಾರು ನಂಬ್ತಾರೆ?” ಅವನದು ಬೋಳುತಲೆ. ನಾನು ಬರೆದದ್ದು ಹೀಗೆ:

ತಲೆ ತಗ್ಗಿಸಿ ಕೂತರೆ ಇಲ್ಲಿ ಅವಮಾನವಲ್ಲ,
ಎಲೆ ಉದುರಿದ ಮರಕೂ ಚಿಗುರು ಬಾರದೆ ಇಲ್ಲ.

ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಹೊಗೆಯ ಕಲೆಯಾಗದಂತೆ ಮೇಲೆ ಅಂಟಿಸಿದ್ದ ಕಾಗದ ಸುಲಿದು, ಬೂದಿ ಒರೆಸಿ ಹತ್ತು ಸಲ ಓದಿದೆ. ಒತ್ತು, ದೀರ್ಘ ಎಲ್ಲ ಸರಿ. ಎದೆಯುಬ್ಬಿಸಿ ಹೊತ್ತೊಯ್ದೆ.

ಯಜಮಾನ ಕತ್ತನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. “ಇದು ಯಾವ ಭಾಷೆ ಅಕ್ಕಾವ್ರೇ?”

ಆಗ ಹೊಳೆಯಿತು. ಹಿಂದಿನ ದಿನ ಒಂದು ಪಾರದರ್ಶಕ ಹಾಳೆಗೆ ಹಿಂಬದಿಯಿಂದ ಕೆತ್ತಲು ಅಕ್ಷರ ತಿರುಗಿಸುವ ಗುಂಡಿ ಒತ್ತಿದ್ದೆ, ಅದನ್ನು ತೆಗೆದಿರಲಿಲ್ಲ. ಇಡೀ ಹಲಗೆ ಉಲ್ಟಾ. ಪರದೆಯ ಮೇಲೆ ಯಾರಿಗಾದರೂ ಕಾಣಬೇಕಿತ್ತು, ಕಂಪೋಸಿಟರ್ ಮಗಳಿಗೆ ಬಿಟ್ಟು. ನೀನು ಶಾಲೆಯಲ್ಲಿ ಅಕ್ಷರ ಕಲಿತವಳು. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಮ್ಮನ ಪಕ್ಕ ಕೂತು, ಆ ಸೀಸದ ಮೊಳೆಗಳಲ್ಲಿ ತಿರುಗುಮುರುಗಾಗಿ ಕಲಿತೆ. ಒಂದನೇ ತರಗತಿಯ ಟೀಚರ್, “ನಿನ್ನ ಪುಸ್ತಕ ತಿದ್ದೋಕೆ ನಾನು ಕನ್ನಡಿ ತರಬೇಕಾ?” ಎಂದು ಕೇಳಿ ‘ಉಲ್ಟಾ’ ಎಂದು ಹೆಸರಿಟ್ಟದ್ದು ನಿನಗೆ ನೆನಪಿರಬೇಕು. ಇವತ್ತಿಗೂ ನನಗೆ ಎರಡು ಕಡೆಯಿಂದಲೂ ಅಕ್ಷರ ಒಂದೇ.

ಹಲಗೆ ಎತ್ತಿಕೊಂಡು ಹೊರಡಬೇಕು, ಅಷ್ಟರಲ್ಲಿ ಕುರ್ಚಿಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್, ಒಂದು ಕೆನ್ನೆಗೆ ನೊರೆ, ಒಂದು ಕೆನ್ನೆ ನುಣ್ಣಗೆ, ಎದುರಿನ ಕನ್ನಡಿ ನೋಡುತ್ತ ಎರಡೂ ಸಾಲನ್ನು ಗಟ್ಟಿಯಾಗಿ ಓದಿದರು. “ನೆಟ್ಟಗೇ ಇದೆಯಲ್ಲಯ್ಯಾ, ನಿನಗೇನಾಯ್ತು?”

ಯಜಮಾನ ಕನ್ನಡಿ ನೋಡಿದ, ಹಲಗೆ ನೋಡಿದ, ಮತ್ತೆ ಕನ್ನಡಿ ನೋಡಿದ. “ಹೌದಲ್ವಾ. ಗಿರಾಕಿ ಗೋಡೆಗೆ ಬೆನ್ನು ಹಾಕೇ ಕೂರೋದು. ಓದೋದು ಕನ್ನಡೀಲಿ. ಅಕ್ಕಾವ್ರೇ, ಇದನ್ನೆಲ್ಲ ಯೋಚಿಸೇ ಮಾಡಿದ್ರಾ?”

ಅಕ್ಕ, ನಾನು ಸುಳ್ಳು ಹೇಳಲಿಲ್ಲ. ಗಂಭೀರವಾಗಿ ಕೆಮ್ಮಿದೆ, ಅಷ್ಟೆ.

ಈಗ ಕೂದಲು ಬೆಳೆಯದವರೂ ಕುರ್ಚಿಯಲ್ಲಿ ಕೂತು ಓದಿ ಹೋಗುತ್ತಾರೆ. ಬಟ್ಟೆಯಂಗಡಿಯವರು ಟ್ರಯಲ್ ರೂಮಿಗೆ ‘ಅದೇ ಥರ ಉಲ್ಟಾ ಬೇಕು’ ಎಂದಿದ್ದಾರೆ. ಹಲಗೆಯ ಮೂಲೆಯಲ್ಲಿ ಹೆಸರು ಹಾಕಿ ಎಂದ ಯಜಮಾನ. ಮನೆಗೆ ತಂದು ‘ಕಂಪೋಸಿಟರ್ ಮಗಳು’ ಎಂದು ಸುಟ್ಟೆ, ಈ ಸಲ ಬೇಕೆಂದೇ ತಿರುಗಿಸಿ. ಅಮ್ಮ ಇದ್ದಿದ್ದರೆ ಕನ್ನಡಿಯಿಲ್ಲದೆಯೇ ಓದುತ್ತಿದ್ದಳು.

ನಿನ್ನ ಮದುವೆಯ ಫೋಟೊದಲ್ಲಿ ಅಮ್ಮನ ಕೈ ಕಾಣುವುದಿಲ್ಲ. “ಕೈ ಹಿಂದಿಟ್ಕೋ ಅಮ್ಮ, ಉಗುರಲ್ಲಿ ಮಸಿ ಇದೆ” ಎಂದವಳು ನೀನು. ಆಮೇಲೆ ಅವಳು ನಿನ್ನ ಮನೆಗೆ ಬರಲಿಲ್ಲ, ನೀನು ಅವಳಿಗೆ ಮುಖ ತೋರಿಸಲಿಲ್ಲ. ‘ಅಮ್ಮ ಕ್ಷಮಿಸದೆ ಹೋದಳು, ಆ ಮನೆಗೆ ಯಾವ ಮುಖ ಹೊತ್ತು ಬರಲಿ’ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೀ. ನಾನು ಪ್ರತಿ ಸಲ ಆ ಸಾಲು ಬಿಟ್ಟು ಉಳಿದದ್ದಕ್ಕೆ ಉತ್ತರಿಸುತ್ತೇನೆ. ಈಗ ನನ್ನ ಉಗುರಲ್ಲೂ ಮಸಿ, ಸುಟ್ಟ ಮರದ್ದು. ತೊಳೆದರೆ ಹೋಗದು, ಹೋಗಲಿ ಅಂತ ಅನಿಸದು. ಅದನ್ನು ನೋಡಲಿಕ್ಕಾದರೂ ಬಾ.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ: ಕಲಿತದ್ದು ಕೈಗೆ ಬರಲಿ, ಕೈ ಹೇಳಿದ್ದು ಕಣ್ಣಿಗೆ ಕಾಣಲಿ.

ನಿನ್ನ ತಂಗಿ,
ಉಲ್ಟಾ

ತಾ.ಕ.: ಜೊತೆಗಿರುವ ಚೀಟಿ ಅಮ್ಮನದು. ಮಾತೂ ಬಲಗೈಯೂ ಬಿದ್ದುಹೋದ ಮೇಲೆ ಆಸ್ಪತ್ರೆಯಲ್ಲಿ ಎಡಗೈಯಿಂದ ಬರೆದದ್ದು. ಅವಳು ಹೋದ ಮರುದಿನ ನೀನು ಬಂದು, “ನನ್ನ ಬಗ್ಗೆ ಏನಾದ್ರೂ ಅಂದಳಾ?” ಎಂದು ಕೇಳಿದೆ. “ಏನಿಲ್ಲ, ಸುಮ್ನೆ ಗೀಚಿದಾಳೆ” ಎಂದು ನಾನು ಇದನ್ನು ದೂರದಿಂದ ತೋರಿಸಿದೆ. ಗೀಚಿದ್ದಲ್ಲ. ಅಕ್ಷರಗಳು ಅಚ್ಚಿನ ಮೊಳೆಯ ಹಾಗೆ ತಿರುಗಿದ್ದವು. ಅವಳು ಕೊಟ್ಟ ಗಳಿಗೆಯಲ್ಲೇ ನಾನು ಓದಿದ್ದೆ. ಹನ್ನೊಂದು ದಿನ ಚಮಚದಲ್ಲಿ ನೀರು ಕುಡಿಸಿದವಳು ನಾನು, ಚೀಟಿ ಮಾತ್ರ ನಿನಗೆ. ನನಗೆ ಸಹಿಸಲಾಗಲಿಲ್ಲ. ಕನ್ನಡಿಯ ಮುಂದೆ ಹಿಡಿದು ನೀನೇ ನೋಡು: ‘ದೊಡ್ಡವಳು ಬರಲಿ. ಕೈ ತೊಳೆದಿದ್ದೇನೆ, ಮಸಿ ಇಲ್ಲ.’