ನಿಂಬೆ ಬಣ್ಣದ ಫ್ರಾಕು

ಲಾಂಡ್ರಿಯ ಮೇಜಿನಿಂದ
ತಾರೀಖು ಎರಡು, ಮಂಗಳವಾರ, ಮಧ್ಯಾಹ್ನ

ಮೈ ಡಿಯರ್ ಡಾಟರ್, ನನ್ನ ದೊರೆಸಾನಿಗೆ ಆಶೀರ್ವಾದಗಳು.

ಅಲ್ಲ, ಅದು ಹಳದಿ ಅಲ್ಲವೇ ಅಲ್ಲ. ನಿನ್ನೆ ಫೋನಿನಲ್ಲಿ ನೀನು, "ಆ ಹಳದಿ ಫ್ರಾಕಿನ ಥರದ್ದೇ ಒಂದು ತಂದಿದೀನಪ್ಪ, ಮಗಳಿಗೆ" ಎಂದಾಗಲೇ ಹೇಳಬೇಕೆಂದಿದ್ದೆ. ನಿಂಬೆ ಬಣ್ಣ. ಪೂರಾ ಹಣ್ಣಾದ ನಿಂಬೆಯಲ್ಲ, ತೊಟ್ಟಿನ ಹತ್ತಿರ ತುಸು ಹಸಿರು ಉಳಿದಿರುತ್ತದಲ್ಲ, ಅದು. ಕೊರಳಿಗೆ ಬಿಳಿ ಲೇಸು, ಬೆನ್ನಿಗೆ ಆರು ಗುಂಡಿ, ಮೇಲಿನಿಂದ ಮೂರನೆಯದು ಮಾತ್ರ ಬೇರೆ ಜಾತಿಯದು. ನಲವತ್ತು ವರ್ಷ ಊರವರ ಬಟ್ಟೆ ಒಗೆದವನಿಗೆ ಬಣ್ಣ ಮರೆಯುವುದಿಲ್ಲ ಮಗಳೇ, ಬಾಕಿ ಎಲ್ಲ ಮರೆಯುತ್ತದೆ. "ಗಿರಾಕಿ ಬಂದ್ರು, ಇಡ್ತೀನಿ" ಎಂದು ಫೋನು ಇಟ್ಟೆನಲ್ಲ, ಯಾವ ಗಿರಾಕಿಯೂ ಬಂದಿರಲಿಲ್ಲ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೇಸರಿಸಬೇಡ. ಕಾಲೇಜಿನಲ್ಲಿ ರಜೆ ಅರ್ಜಿಗೆ 'ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟಾನ್ಸಸ್' ಎಂದು ಬರೆಯುತ್ತಿದ್ದೆವು. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೂ ಆ ಸಾಲು ಬಾಯಿಪಾಠ. ಆದರೆ ಸರ್ಕಮ್‌ಸ್ಟಾನ್ಸು ಏನೂ ಇರಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ.

ಇಲ್ಲಿ ಎಲ್ಲ ಮಾಮೂಲು. ಹಬೆಯ ಇಸ್ತ್ರಿಪೆಟ್ಟಿಗೆಯ ಕೊಳವೆ ಸೋರುತ್ತಿದೆ. ಮೊಣಕಾಲು ಮೆಟ್ಟಿಲಿಗೆ ಮಾತ್ರ ತಕರಾರು ಮಾಡುತ್ತದೆ. ಎದುರಿನ ದರ್ಜಿ ನಿನ್ನನ್ನು ವಿಚಾರಿಸಿದ. "ಮಗಳು ಶನಿವಾರ ಬರ್ತಾಳಂತೆ, ಮೊಮ್ಮಗಳನ್ನ ಶೃಂಗಾರ ಮಾಡಿ ದೊಡ್ಡ ಹೋಟೆಲಿಗೆ ಕರ್ಕೊಂಡು ಹೋಗ್ತಾಳಂತೆ, ನನ್ನೂ ಕರೀತಿದಾಳೆ" ಎಂದೆ. "ಹೋಗಿ ಯಜಮಾನ್ರೇ, ಕೋಟು ಯಾರದು ಈ ಸಲ?" ಎಂದು ನಕ್ಕ. ಅವನಿಗೊಬ್ಬನಿಗೆ ನಮ್ಮ ಗುಟ್ಟು ಗೊತ್ತಿತ್ತು. ಕೋಟಿನ ತೋಳು ಉದ್ದವಾದಾಗ ಒಳಗೆ ಮಡಿಚಿ ಕಚ್ಚಾ ಹೊಲಿಗೆ ಹಾಕಿ, ಭಾನುವಾರ ಬಿಚ್ಚಿಕೊಡುತ್ತಿದ್ದವನು ಅವನೇ. ಹೊಟ್ಟೆಯಲ್ಲಿ ಇಟ್ಟುಕೊಂಡ, ಇಷ್ಟು ವರ್ಷ. ನೀನು ಇಟ್ಟುಕೊಳ್ಳಲಿಲ್ಲ.

ನಿನ್ನ ಕಾಗದ ಬಂದ ಮಾರನೆಯ ದಿನ ಡಾಕ್ಟರಮ್ಮ ಬಂದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಒಗೆಯುವುದಕ್ಕೆ ಪರದೆಗಳನ್ನು ಕೊಟ್ಟು, ಹೊರಡುವವರು ನಿಂತರು.

"ನಿಮ್ಮ ಮಗಳು ಕಾಗದ ಬರೆದಿದಾಳೆ ಕಣ್ರೀ."

"ನನಗೂ ಬಂದಿದೆ ಡಾಕ್ಟರಮ್ಮ, ನಿನ್ನೆ."

"ಅಲ್ಲ, ನನಗೆ. ಆ ಫ್ರಾಕಿನ ವಿಷಯ, ಕ್ಷಮಿಸಿ ಅಂತ. ನಿಮಗೆ ಹೇಳಿರಬೇಕಲ್ಲ."

"ಹೇಳಿದಾಳೆ, ಹೇಳಿದಾಳೆ," ಎಂದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಾಲು ಓದಿ ಹೇಳಿದರು. ನಾನು ಪರದೆಯ ಉಂಗುರ ಎಣಿಸುತ್ತ ನಿಂತಿದ್ದೆ. ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಬಂತು.

ಹೀಗಾ ಮಾಡುವುದು? ನನಗೆ ಬರೆದ ನಾಲ್ಕು ಪುಟದಲ್ಲಿ ಇದರ ಸುಳಿವಿಲ್ಲ. ಮೊಮ್ಮಗಳ ಹಲ್ಲು ಬಿದ್ದದ್ದಿದೆ, ನಿನ್ನ ಯಜಮಾನರ ನೆಗಡಿಯಿದೆ. ಅಪ್ಪನನ್ನು ಒಂದು ಮಾತು ಕೇಳಬೇಕೆಂದು ಅನ್ನಿಸಲಿಲ್ಲವೇ? ನಾವಿಬ್ಬರೂ ಸೇರಿ ಮುಚ್ಚಿಟ್ಟದ್ದನ್ನು ನೀನೊಬ್ಬಳೇ ನನ್ನ ಬೆನ್ನ ಹಿಂದೆ ತೆಗೆದು ಬೀದಿಯ ತಂತಿಗೆ ಒಣಹಾಕಿದೆ. ಯೂ ಶುಡ್ ಹ್ಯಾವ್ ಕನ್ಸಲ್ಟೆಡ್, ಅಷ್ಟೇ ನಾನು ಹೇಳುವುದು.

ಮೂರು ನಿಯಮ ಇದ್ದವು, ನೆನಪಿದೆಯೇ? ಕೊರಳ ಒಳಗೆ ಪಿನ್ನು ಹಾಕಿದ ನಂಬರಿನ ಚೀಟಿ ತೆಗೆಯಬಾರದು, ಚೀಟಿ ಕಳೆದರೆ ಬಟ್ಟೆಗೆ ಮನೆ ತಪ್ಪುತ್ತದೆ. ಐಸ್‌ಕ್ರೀಮ್ ಬಿಳಿಯದೇ ಆಗಬೇಕು, ಗುಲಾಬಿಯದರ ಕಲೆ ಹೋಗುವುದಿಲ್ಲ. ಮೂರನೆಯದು, ಯಾರಿಗೂ ಹೇಳಬಾರದು. ಮೊದಲಿನ ಎರಡನ್ನು ನೀನು ಒಂದು ದಿನವೂ ಮುರಿಯಲಿಲ್ಲ. ಪಿನ್ನು ಕುತ್ತಿಗೆಗೆ ಚುಚ್ಚಿದರೂ ತುಟಿ ಕಚ್ಚಿಕೊಂಡು ಕೂರುತ್ತಿದ್ದೆ.

ಶುರು ಮಾಡಿದ್ದು ನೀನೇ. ನಿನ್ನಮ್ಮ ಹೋಗಿ ಎರಡು ವರ್ಷವಾಗಿತ್ತು, ಅವಳು ಹೊಲಿದಿಟ್ಟ ಫ್ರಾಕುಗಳೆಲ್ಲ ನಿನಗೆ ಗಿಡ್ಡವಾಗಿದ್ದವು. ನಾನು ಯಾರದೋ ಮಗುವಿನ ರೇಷ್ಮೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ, ಮೇಜಿನ ಕೆಳಗೆ ಕೂತಿದ್ದ ನೀನು, "ಇದನ್ನ ಹಾಕ್ಕೊಂಡು ಅವಳು ಎಲ್ಲಿಗೆ ಹೋಗ್ತಾಳಪ್ಪ?" ಎಂದೆ. ಶನಿವಾರ ತೋರಿಸುತ್ತೇನೆ ಎಂದುಬಿಟ್ಟೆ.

ಆಮೇಲೆ ತಿಂಗಳ ಮೊದಲ ಶನಿವಾರವೆಲ್ಲ ನಮ್ಮದೇ. ಮಧ್ಯಾಹ್ನಕ್ಕೆ ಬಾಗಿಲು ಹಾಕಿ, ನಿನ್ನ ಜಡೆಗೆ ನೀರು ಸವರಿ ಹೆಣೆದು, ಸಾಲಾಗಿ ತೂಗುಹಾಕಿದ ಬಟ್ಟೆಗಳ ಮುಂದೆ ನಿಲ್ಲಿಸಿ, "ದೊರೆಸಾನಿಯವರಿಗೆ ಇವತ್ತು ಯಾವುದು?" ಎನ್ನುತ್ತಿದ್ದೆ. ನೀನು ಗದ್ದ ಮೇಲೆತ್ತಿ, "ಕಾರು ಬಂತಾ?" ಎನ್ನುತ್ತಿದ್ದೆ. "ಬಂತು ತಾಯೀ, ಹನ್ನೆರಡನೇ ನಂಬರಿನದು." ಬಸ್ಸಿನಲ್ಲಿ ಕಿಟಕಿಯ ಧೂಳು ತಾಗದಂತೆ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಗಾಜಿನ ಬಾಗಿಲಿನ ಹೋಟೆಲಿನಲ್ಲಿ ಸಪ್ಲೈಯರ್ ಬಂದ ಕೂಡಲೇ ನಾನು ಬ್ಯಾಂಕ್ ಮ್ಯಾನೇಜರರ ಕೋಟಿನೊಳಗಿಂದ, "ಟೂ ಐಸ್‌ಕ್ರೀಮ್ಸ್, ಇಫ್ ಯು ಪ್ಲೀಸ್, ವಿತ್ ಇಮಿಡಿಯೆಟ್ ಎಫೆಕ್ಟ್" ಎನ್ನುವುದು. ಅವನು ನಿನಗೆ ಸಲಾಮು ಹೊಡೆಯುವುದು. ನೀನು ಮನೆಗೆ ಬಂದು ಕನ್ನಡಿ ಮುಂದೆ, "ವಿತ್ ಇಮಿಡಿಯೆಟ್ ಎಫೆಕ್ಟ್" ಎಂದು ನನ್ನ ಹಾಗೆಯೇ ಗಂಟಲು ದಪ್ಪ ಮಾಡಿಕೊಂಡು ಹೇಳುವುದು. ಭಾನುವಾರ ಮತ್ತೆ ಒಗೆದು, ಇಸ್ತ್ರಿ ಹಾಕಿ ಸೋಮವಾರ ಕೊಟ್ಟರೆ, "ನಿಮ್ಮಲ್ಲಿ ಎಷ್ಟು ಚೊಕ್ಕಟ ನೋಡಿ" ಎನ್ನುತ್ತಿದ್ದರು ಜನ. ಎರಡು ಸಲ ಒಗೆದರೆ ಚೊಕ್ಕಟವಾಗದೆ ಇನ್ನೇನು.

ಇದನ್ನು ತಪ್ಪು ಎಂದರೆ ತಪ್ಪು. ಆದರೆ ಅದು ನಮ್ಮಿಬ್ಬರದು.

ನೀನು ಆ ನಿಂಬೆ ಫ್ರಾಕು ಆರಿಸಿದ ಸಲ, ಡಾಕ್ಟರಮ್ಮನ ಮನೆಯವರೆಲ್ಲ ಪ್ರವಾಸದಿಂದ ಬರುವುದು ಸೋಮವಾರ ಎಂದು ಅವರೇ ಹೇಳಿದ್ದರು. ಶನಿವಾರವೇ ಬಂದುಬಿಟ್ಟರು. ಬಂದವರು ನೇರ ಆ ಹೋಟೆಲಿಗೇ ಬಂದರು. ಅವರ ಮಗಳು ನಿನ್ನ ಬೆನ್ನ ಹಿಂದೆ ಬಂದು ನಿಂತು, "ಅಮ್ಮಾ, ಇದು ನಂದು. ಮೂರನೇ ಗುಂಡಿ ನೋಡು, ನೀನೇ ಹಾಕಿದ್ದು" ಎಂದಳು. ಅದಿರಲಿ. ಮುಂದಿನದು ನಿನಗೆ ಗೊತ್ತಿದೆ, ನನಗೆ ಗೊತ್ತಿದೆ, ಬರೆದು ಏನಾಗಬೇಕು.

ಇನ್ನು ಈ ಶನಿವಾರದ ಮಾತು. ನನ್ನ ಮೊಣಕಾಲು ಸರಿಯಿಲ್ಲ ಎಂದೆನಲ್ಲ. ನೀವಿಬ್ಬರೇ ಹೋಗಿ ಬನ್ನಿ. ಅಂಗಡಿಯಿಂದ ಕೊಂಡ ಫ್ರಾಕು, ಚೀಟಿ ಇಲ್ಲ, ಪಿನ್ನು ಇಲ್ಲ, ಬಚ್ಚಿಡುವುದು ಏನೂ ಇಲ್ಲ. ಅಲ್ಲಿ ನನಗೇನು ಕೆಲಸ?

ಮರಿ ದೊರೆಸಾನಿ ನೂರು ವರ್ಷ ಬಾಳಲಿ. ನಿನ್ನ ಯಜಮಾನರಿಗೆ ಬಿಸಿನೀರು ಕುಡಿಯಲು ಹೇಳು. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ಐ ಬೆಗ್ ಟು ರಿಮೇನ್,
ಯುವರ್ ಮೋಸ್ಟ್ ಒಬೀಡಿಯಂಟ್ ಫಾದರ್,
ಅಪ್ಪ

ತಾ.ಕ.: ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಡಾಕ್ಟರಮ್ಮ ಓದಿದ ಆ ಎರಡು ಸಾಲು ಯಾವುವೆಂದು ನಾನು ಬರೆಯಲಿಲ್ಲ. "ಫ್ರಾಕನ್ನು ನಾನೇ ಕೇಳದೆ ಹಾಕಿಕೊಂಡಿದ್ದೆ. ಅಪ್ಪನಿಗೆ ಗೊತ್ತಿರಲಿಲ್ಲ." ಓದಿ ಮುಗಿಸಿ ಅವರು, "ಆವತ್ತು ನೀವೂ ಇದನ್ನೇ ಹೇಳಿದ್ರಿ ಅಲ್ವಾ?" ಎಂದರು.

ಹೌದು, ಇದನ್ನೇ ಹೇಳಿದ್ದೆ. "ಮೇಡಂ, ಚೈಲ್ಡ್ ಹ್ಯಾಸ್ ಟೇಕನ್. ವಿದೌಟ್ ಮೈ ನಾಲೆಜ್." ನಿನಗೆ ತಿಳಿಯಬಾರದೆಂದೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಿನ್ನ ಕಡೆ ಬಗ್ಗಿ, "ಹೌದಾ ಮರಿ, ನೀನೇ ತಗೊಂಡ್ಯಾ?" ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಐಸ್‌ಕ್ರೀಮಿನ ಬಟ್ಟಲು ನೋಡಿದೆ. ನೀನು "ಹೂಂ" ಎಂದೆ. ನಿನಗೆ ಏಳು ವರ್ಷ. ನನ್ನ ಮೈಮೇಲಿದ್ದ ಕೋಟು ಯಾರದೆಂದು ಯಾರೂ ಕೇಳಲಿಲ್ಲ.

ಮಗು ಹೆದರಿ ಹೂಂ ಎಂದಿತು, ನಾನು ಹೇಳಿದ್ದು ಅದಕ್ಕೆ ಅರ್ಥವಾಗಿಲ್ಲ ಎಂದುಕೊಂಡೇ ಇಪ್ಪತ್ತೊಂಬತ್ತು ವರ್ಷ ಇಸ್ತ್ರಿ ಹಾಕಿದೆ. ಆವತ್ತು ಬಸ್ಸಿನಲ್ಲಿ ನೀನು ನನ್ನ ತೊಡೆಯ ಮೇಲೆ ಕೂರಲಿಲ್ಲ. ಮುಂದಿನ ತಿಂಗಳು ಕಾರು ಬಂತಾ ಎಂದು ಕೇಳಲೂ ಇಲ್ಲ. ಆಗಲೇ ತಿಳಿಯಬೇಕಿತ್ತು. ಈಗ ನನ್ನ ಸುಳ್ಳನ್ನು ನೀನೇ ಕನ್ನಡಕ್ಕೆ ಇಳಿಸಿ, ಸಹಿ ಹಾಕಿ ಕಳಿಸಿದ್ದೀಯೆ. ನನ್ನ ಗುಟ್ಟು ಬಿಟ್ಟುಕೊಟ್ಟಿದ್ದರೆ ನಿನ್ನನ್ನು ಬೈದು ಸುಮ್ಮನಾಗುತ್ತಿದ್ದೆ. ಈ ಕಾಗದದಲ್ಲಿ ಮೇಲೆ, ನೀನು ಗುಟ್ಟು ಬಿಟ್ಟುಕೊಟ್ಟೆ ಎಂಬಂತೆ ಬೈದದ್ದೂ ಅದಕ್ಕೇ, ಬೈಯುವುದಕ್ಕೆ ಏನಾದರೂ ಬೇಕಿತ್ತು.

ಪರದೆಗಳು ಇಸ್ತ್ರಿಯಾಗಿ ಎಂಟು ದಿನವಾದರೂ ತಲುಪಿಸಿಲ್ಲ. ಶುಕ್ರವಾರ ನಾನೇ ಹೊತ್ತುಕೊಂಡು ಹೋಗುತ್ತೇನೆ. ನಡೆದದ್ದನ್ನು ಕನ್ನಡದಲ್ಲೇ ಹೇಳುತ್ತೇನೆ. ಅದಾದ ಮೇಲೂ ನೀನು ಕರೆದರೆ ಶನಿವಾರ ಬರುತ್ತೇನೆ, ನನ್ನ ಅಂಗಿಯಲ್ಲೇ. ಮೊಮ್ಮಗಳಿಗೆ ಗುಲಾಬಿ ಐಸ್‌ಕ್ರೀಮೇ ಕೊಡಿಸು. ಚೆಲ್ಲಿಕೊಂಡರೆ ತಣ್ಣೀರು ಹಾಕು, ಬಿಸಿನೀರು ಬೇಡ. ಇನ್ನೊಂದು ಮಾತಿತ್ತು. ಬೆಳಕು ಹೋಗುತ್ತಿದೆ, ತೂಗುಹಾಕಿದ ಬಟ್ಟೆಗಳಲ್ಲಿ ಬಿಳಿ ಯಾವುದು ನಿಂಬೆ ಯಾವುದು ತಿಳಿಯುತ್ತಿಲ್ಲ. ನಿಲ್ಲಿಸುತ್ತೇನೆ.