ಕಾಸಿದ ನೀರು

ಹೈದರಾಬಾದ್
೬-೮-೧೯೭೬

ಮಸರಕಲ್ಲಿನ ತವರಲ್ಲಿರುವ ನನ್ನ ಮಹಾಂತಮ್ಮನಿಗೆ ಪರಮಣ್ಣನ ಶರಣು.

ಈ ಕಾಗದ ಹರಿಯುವ ಮೊದಲು ಒಂದು ಅಂಕದಷ್ಟು ತಾಳು. ಮಾನ್ವಿಯ ಡೇರೆಯಲ್ಲಿ ಸಾವಿರ ಜನರನ್ನು ಅಳಿಸಿ, ಮರುಗಳಿಗೆಗೆ ನಗಿಸಿದ ನಾಟಕದ ಮಾಸ್ತರ ಇಂದು ನಿನ್ನೊಬ್ಬಳ ಮುಂದೆ ನಡುಗುತ್ತಿದ್ದಾನೆ.

ಟಿವಿಯ ಕೆಲಸ ಮುಗಿಯಿತು. ಉಪಗ್ರಹದಿಂದ ಹಳ್ಳಿಗಳಿಗೆ ಚಿತ್ರ ಕಳಿಸುವ ಒಂದು ವರ್ಷದ ಗಡುವು ತೀರಿತು. ಗೊಬ್ಬರ, ಎಮ್ಮೆಯ ರೋಗ, ಕೂಸಿನ ಚುಚ್ಚುಮದ್ದು ಎಂದು ನಲವತ್ತೆರಡು ಕಿರುನಾಟಕ ಬರೆದೆ. ಇಲ್ಲಿಯ ಸ್ಟುಡಿಯೋದಲ್ಲಿ ಬಣ್ಣವಿದೆ, ದೀಪವಿದೆ, ನೋಡುವ ಜನರೇ ಇಲ್ಲ. ಹಾಸ್ಯ ಬಂದಾಗಲೆಲ್ಲ ಡೇರೆಯ ರೂಢಿಯಂತೆ ‘ಜನ ನಗಲಿ, ನಿಲ್ಲು’ ಎಂದು ಬರೆಯುತ್ತಿದ್ದೆ. ಅಧಿಕಾರಿ ಅಲ್ಲಾಉದ್ದೀನ್ ಸಾಹೇಬರು ಅದನ್ನು ಹೊಡೆದುಹಾಕಿ, “ಯಾರು ನಗ್ತಾರಪಾ ಇಲ್ಲಿ, ಕ್ಯಾಮೆರಾನ?” ಎನ್ನುತ್ತಿದ್ದರು. ಯಾರ ಮುಖವೂ ಕಾಣದ್ದೇ ನನ್ನನ್ನು ಕೆಡಿಸಿತು.

ಕುಡಿಯುವ ನೀರಿನ ನಾಟಕಕ್ಕೊಬ್ಬ ದಡ್ಡ ಹೆಂಡತಿ ಬೇಕಿತ್ತು. “ಕಾಸಿದ ನೀರು ಕುಡಿಯಾಕ ನಾನೇನು ಬಾಣಂತಿ ಏನ್ರೀ?” ಎಂದು ಅವಳ ಬಾಯಿಗೆ ಹಾಕಿದೆ. ನಟರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ.

ಆಮೇಲೆ ನಿನ್ನ ತಮ್ಮ ಗಡಿಗೆಪ್ಪ ಹುಡುಕಿಕೊಂಡು ಬಂದ. ಕೊಟ್ಟ ಚಹಾ ಮುಟ್ಟಲಿಲ್ಲ. “ಮಾಮಾ, ಸಾಲಿ ಅಂಗಳದಾಗ ಟಿವಿ ಮುಂದ ಇಡೀ ಊರು ನಕ್ಕಿತು. ಅಕ್ಕ ಒಬ್ಬಾಕಿನ ಎದ್ದು ಮನಿಗಿ ಹೋದಳು. ಆ ಮಾತು ಆಕಿ ಯಾವಾಗ ಅಂದಿದ್ದಳು, ನೆನಪು ಅದ ಏನು ನಿಮಗ?” ಎಂದ.

ಮರೆತಿದ್ದೆ ಎಂದು ಅವನಿಗೆ ಹೇಳಿದೆ. ಸುಳ್ಳು. ನಮ್ಮ ಕೂಸನ್ನು ಮಣ್ಣಿಗಿಟ್ಟು ಬಂದ ಮೂರನೆಯ ದಿನ, ಸೂಲಗಿತ್ತಿ ಬಡೇಬೀ ಕಾಸಿದ ನೀರಿನ ತಂಬಿಗೆ ಹಿಡಿದು ಬಂದಳು. ನೀನು ಬರಿದಾದ ತೊಟ್ಟಿಲು ನೋಡುತ್ತ ಆ ಮಾತು ಅಂದೆ. ನಾನು ಬಾಗಿಲಲ್ಲಿದ್ದೆ. ಒಳಗೆ ಬಂದು ನಿನ್ನ ಕೈ ಹಿಡಿಯಲಿಲ್ಲ. ತಾಲೀಮಿಗೆ ಹೊತ್ತಾಯಿತೆಂದು ಹೊರಟುಹೋದೆ. ನಿನ್ನನ್ನು ಅಲ್ಲಿಯೇ ಬಿಟ್ಟೆ, ನಿನ್ನ ಮಾತನ್ನು ಮಾತ್ರ ಜೊತೆಗೆ ಒಯ್ದೆ.

ಡೇರೆಯಲ್ಲಾಗಿದ್ದರೆ ನಿನ್ನ ಮುಖ ಕಂಡು ಮರುದಿನದ ಆಟಕ್ಕೆ ಆ ಸಾಲು ಕಿತ್ತುಹಾಕುತ್ತಿದ್ದೆ. ಟಿವಿಯಲ್ಲಿ ಮರುದಿನವೆಂಬುದಿಲ್ಲ, ಒಂದೇ ಆಟ, ಎಲ್ಲ ಊರಿಗೂ ಒಮ್ಮೆಲೇ.

ನೀನು ತವರಿಗೆ ಹೋಗಿ ಮೂರು ವರ್ಷವಾಯಿತು, ಮೊದಲು ಡೇರೆಗೆ, ಆಮೇಲೆ ಟಿವಿಗೆ, ಒಂಟಿ ಕೋಣೆಯಲ್ಲಿ ಗಂಡ ಹೆಂಡತಿಯರ ಸಂಭಾಷಣೆ ಬರೆಯುತ್ತ ಕಳೆದೆ. ಎರಡೂ ಪಾತ್ರಕ್ಕೆ ನಾನೇ ದನಿ. ಈ ಒಂದಕ್ಕೆ ಮಾತ್ರ ನಿನ್ನ ಉತ್ತರ ಬರೆಯುವ ಧೈರ್ಯವಿಲ್ಲ. ಮಹಾಂತಾ, ನಾನು ಬರಲೇ? ಬೇಡವೆಂದರೂ ಒಂದು ಸಾಲು ಬರೆ.

ನಿನ್ನ ಮಾತು ಕದ್ದವನು,
ಪರಮಣ್ಣ

ತಾ. ಕ.: ಮೇಲೆ ಹೈದರಾಬಾದ್ ಎಂದು ಬರೆದದ್ದೂ ಸುಳ್ಳು. ಅಂಚೆಯ ಮುದ್ರೆ ನೋಡು. ನಾಲ್ಕು ದಿನದಿಂದ ದೇವದುರ್ಗದಲ್ಲಿ ವಲಿ ಪಾಷಾನ ಹೋಟೆಲಿನಲ್ಲಿದ್ದೇನೆ. ಮಸರಕಲ್ ಬಸ್ಸು ಬಂದಾಗಲೆಲ್ಲ ಚೀಲ ಎತ್ತಿಕೊಂಡು ನಿಲ್ಲುತ್ತೇನೆ, ಹತ್ತುವುದಿಲ್ಲ. “ಏನ್ರೀ ಯಜಮಾನ್ರ, ಬಸ್ಸು ಹತ್ತಾಕ ಬರ್ತೀರೋ, ಬರೇ ನೋಡಾಕ ಬರ್ತೀರೋ?” ಎಂದು ಕಂಡಕ್ಟರ್ ಇವತ್ತು ಕೇಳಿದ. ತಿರುಗಿ ಬಂದು ಕೂತಾಗ ವಲಿ ಪಾಷಾ ನೀರಿನ ಗ್ಲಾಸು ಇಟ್ಟ. ಕಾಸಿದ್ದೇನಪಾ ಎಂದು ಕೇಳಲು ಬಾಯಿ ಬರಲಿಲ್ಲ.